ಎಳೆಯ ಮಕ್ಕಳ ಆಹಾರ ಅಲರ್ಜಿ ಮತ್ತು ಪಥ್ಯ

ಉಳಿದವರು ನಿಶ್ಚಿಂತೆಯಿಂದ ತಿನ್ನುವ ಆಹಾರದಲ್ಲಿರುವ ಯಾವುದೋ ಪ್ರೋಟೀನಿನ ವಿರುದ್ಧ ಮಗುವಿನ ರೋಗರಕ್ಷಣಾ ವ್ಯವಸ್ಥೆ ತಿರುಗಿಬೀಳುವುದನ್ನು ಆಹಾರ ಅಲರ್ಜಿ ಎನ್ನುತ್ತಾರೆ. ಇದು ಹೆಚ್ಚಾಗಿ ತಲೆದೋರುವುದು ಬದುಕಿನ ಮೊದಲ ಮೂರು ವರ್ಷಗಳಲ್ಲಿ. ಹಸುವಿನ ಹಾಲು, ಕೋಳಿಮೊಟ್ಟೆ, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಮೀನು, ಸಿಗಡಿ, ಎಳ್ಳು ಇವು ಜಗತ್ತಿನಾದ್ಯಂತ ಮತ್ತೆ ಮತ್ತೆ ಕಾಣಸಿಗುವ ಕಾರಣಗಳು. ಭಾರತದಲ್ಲಿ ಕಡಲೆಯಂಥ ದ್ವಿದಳ ಧಾನ್ಯಗಳಿಗೂ ಅಲರ್ಜಿ ದಾಖಲಾಗಿದೆ. ಒಮ್ಮೆ ಬಂದ ಅಲರ್ಜಿಯನ್ನು ಪೂರ್ತಿಯಾಗಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದ್ದರಿಂದ ಆ ಆಹಾರವನ್ನು ಬಿಡಿಸುವ ಪಥ್ಯವೇ ಇಂದಿಗೂ ಮುಖ್ಯ ಉಪಾಯ. ಆದರೆ ಪಥ್ಯವೂ ಒಂದು ಚಿಕಿತ್ಸೆಯೇ. ಉಳಿದ ಚಿಕಿತ್ಸೆಗಳಿಗೆ ಇರುವಂತೆ ಅದಕ್ಕೂ ಸರಿಯಾದ ಕಾರಣ ಬೇಕು, ಮಿತಿ ಬೇಕು, ಅವಧಿ ಬೇಕು, ಅದಕ್ಕೂ ಅಡ್ಡಪರಿಣಾಮಗಳಿವೆ. ಅಲರ್ಜಿ ಎಂದು ಖಚಿತವಾದ ಆಹಾರವನ್ನು ಕಟ್ಟುನಿಟ್ಟಾಗಿ ಬಿಡಿಸಬೇಕು, ಖಚಿತವಾಗದ ಯಾವುದನ್ನೂ ದೀರ್ಘಕಾಲ ಬಿಡಿಸಬಾರದು, ಬಿಡಿಸಿದ್ದನ್ನು ಎಂದು ಮರುಪರಿಶೀಲಿಸಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈ ವಿಷಯದಲ್ಲಿ ಕಳೆದ ಎರಡು ಮೂರು ದಶಕಗಳ ಸಂಶೋಧನೆ ಬೊಟ್ಟುಮಾಡುವುದು ಇದೇ ದಿಕ್ಕಿಗೆ.

ಸ್ವರೂಪ

ಆಹಾರ ಅಲರ್ಜಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಐಜಿಇ ಎಂಬ ಪ್ರತಿಕಾಯದ ಮೂಲಕ ನಡೆಯುವಂಥದ್ದು. ಒಂದು ಪ್ರೋಟೀನಿಗೆ ಹೊಂದುವ ಐಜಿಇ ಚರ್ಮ, ಶ್ವಾಸನಾಳ, ಕರುಳುಗಳ ಮಾಸ್ಟ್ ಕೋಶಗಳ ಮೇಲೆ ಅಂಟಿ ಕುಳಿತಿರುತ್ತದೆ. ಅದೇ ಪ್ರೋಟೀನು ಮತ್ತೆ ದೇಹಕ್ಕೆ ಬಂದಾಗ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಇದರ ಲಕ್ಷಣಗಳು ಬೇಗ, ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣುತ್ತವೆ: ಮೈಮೇಲೆ ಗಂಧೆ, ತುಟಿ ಮತ್ತು ಕಣ್ಣುರೆಪ್ಪೆಯ ಊತ, ವಾಂತಿ, ಕೆಮ್ಮು, ಉಬ್ಬಸ. ಉಸಿರಾಟ ಅಥವಾ ರಕ್ತಪರಿಚಲನೆಗೆ ಧಕ್ಕೆ ತರುವ ತೀವ್ರ ರೂಪವೇ ಅನಾಫಿಲ್ಯಾಕ್ಸಿಸ್. ಎರಡನೆಯ ಬಗೆಯಲ್ಲಿ ಐಜಿಇ ಪಾತ್ರವಿಲ್ಲ. ಇದು ಹೆಚ್ಚಾಗಿ ಕರುಳಿಗೆ ಸಂಬಂಧಿಸಿದ್ದು, ನಿಧಾನವಾಗಿ ತೋರುವಂಥದ್ದು. ಎದೆಹಾಲು ಕುಡಿಯುವ, ಉಳಿದಂತೆ ಲವಲವಿಕೆಯಿಂದಿರುವ ಹಸುಗೂಸಿನ ಮಲದಲ್ಲಿ ರಕ್ತದ ಎಳೆ ಕಾಣುವುದು ಇದರ ಸೌಮ್ಯ ರೂಪ. ಆಹಾರ ತಿಂದ ಒಂದರಿಂದ ನಾಲ್ಕು ಗಂಟೆಯ ನಂತರ ಮಗು ಮೇಲಿಂದ ಮೇಲೆ ವಾಂತಿ ಮಾಡಿಕೊಂಡು, ಬಿಳಿಚಿ, ಸುಸ್ತಾಗಿ ಬೀಳುವುದು ತೀವ್ರ ರೂಪ. ಚರ್ಮದ ಪರೀಕ್ಷೆಯಾಗಲಿ ರಕ್ತಪರೀಕ್ಷೆಯಾಗಲಿ ಈ ಎರಡನೆಯ ಬಗೆಯನ್ನು ಹಿಡಿಯಲಾರವು.

ಅಲರ್ಜಿಯಲ್ಲದ ಕೆಲವು ತೊಂದರೆಗಳು ಅಲರ್ಜಿಯಂತೆ ಕಾಣುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದು ಕಿಣ್ವದ ಕೊರತೆಯೇ ಹೊರತು ಅಲರ್ಜಿಯಲ್ಲ. ಅದರಿಂದ ಪ್ರಾಣಾಪಾಯವೂ ಇಲ್ಲ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇನ್ನೊಂದು ಜಾತಿಯದು. ಅದಕ್ಕೆ ಜೀವನಪೂರ್ತಿ ಗೋಧಿ, ಬಾರ್ಲಿ ಬಿಡಬೇಕು. ಮೂರಕ್ಕೂ ಜನ ಹೇಳುವುದು ‘ಮೈಗೆ ಒಗ್ಗುವುದಿಲ್ಲ’ ಎಂಬ ಒಂದೇ ಮಾತನ್ನು. ಆದರೆ ಪಥ್ಯ ಮೂರಕ್ಕೂ ಬೇರೆ. ಲ್ಯಾಕ್ಟೋಸ್ ತೊಂದರೆಯ ಮಗುವಿಗೆ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಹಾಲಿನ ಪ್ರೋಟೀನಿನ ಅಲರ್ಜಿ ಇರುವ ಮಗುವಿಗೆ ಒಂದು ಚಮಚ ಮೊಸರೂ ಅಪಾಯ ತರಬಹುದು.

ಈ ತಿಳಿವಳಿಕೆ ನೂರಿಪ್ಪತ್ತು ವರ್ಷಗಳಲ್ಲಿ ಹಂತಹಂತವಾಗಿ ಬೆಳೆದದ್ದು. ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ 1902ರಲ್ಲಿ ಅನಾಫಿಲ್ಯಾಕ್ಸಿಸನ್ನು ವಿವರಿಸಿದರು. ಈ ಕೆಲಸಕ್ಕಾಗಿ ರಿಷೆಗೆ 1913ರ ನೊಬೆಲ್ ಬಹುಮಾನ ಬಂತು. ಅಲರ್ಜಿ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಮೀನಿನ ಅಲರ್ಜಿ ಇದ್ದ ಸಹೋದ್ಯೋಗಿ ಕ್ಯುಸ್ಟ್ನರನ ರಕ್ತದ್ರವವನ್ನು ಜರ್ಮನಿಯ ವೈದ್ಯವಿಜ್ಞಾನಿ ಪ್ರೌಸ್ನಿಟ್ಸ್ 1921ರಲ್ಲಿ ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಅಲರ್ಜಿಯನ್ನು ಹೊತ್ತೊಯ್ಯುವ ವಸ್ತು ರಕ್ತದಲ್ಲೇ ಇದೆಯೆಂದು ತೋರಿಸಿದ. ಆ ವಸ್ತು ಐಜಿಇ ಎಂದು 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿದ್ದ ಇಷಿಜಾಕಾ ದಂಪತಿ ಹಾಗೂ ಸ್ವೀಡನ್ನಿನ ವಿಜ್ಞಾನಿಗಳು ಗುರುತಿಸಿದರು. ಐಜಿಇಯನ್ನು ಅಳೆಯುವ ಪರೀಕ್ಷೆಗಳು ಆ ಬಳಿಕ ಬಂದವು. ಅತಿಪಥ್ಯದ ಸಮಸ್ಯೆಗೂ ಅವುಗಳಿಂದಲೇ ದೊಡ್ಡ ಒತ್ತಾಸೆ ಸಿಕ್ಕಿತು.

ಪತ್ತೆ

ಐಜಿಇ ಇದೆ ಎಂದರೆ ಅಲರ್ಜಿ ಇದೆ ಎಂದಲ್ಲ. ಮಗುವಿನ ರಕ್ತದಲ್ಲಿ ಗೋಧಿಗೆ ಹೊಂದುವ ಐಜಿಇ ಇರಬಹುದು. ಆದರೂ ಅದು ದಿನಾ ಚಪಾತಿ ತಿಂದು ಆರೋಗ್ಯವಾಗಿರಬಹುದು. ವೈದ್ಯರು ಇದನ್ನು ಸಂವೇದನೆ ಎನ್ನುತ್ತಾರೆಯೇ ಹೊರತು ಕಾಯಿಲೆ ಎನ್ನುವುದಿಲ್ಲ. ಇವೆರಡರ ನಡುವಿನ ಅಂತರ ಎಷ್ಟೆಂಬುದಕ್ಕೆ ಒಳ್ಳೆಯ ಪುರಾವೆ ಕರ್ನಾಟಕದಿಂದಲೇ ಸಿಕ್ಕಿದೆ. ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯ ಭಾಗವಾಗಿ ಇಲ್ಲಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವುದಾದರೊಂದು ಆಹಾರಕ್ಕೆ ಐಜಿಇ ಇದ್ದವರು 26.5%, ಅಂಥ ಆಹಾರ ತಿಂದು ನಿಜಕ್ಕೂ ತೊಂದರೆಗೊಳಗಾಗುವ, ಸಂಭಾವ್ಯ ಅಲರ್ಜಿ ಇದ್ದವರು 1.2% ಮಾತ್ರ. ಎಂದರೆ ಸಾವಿರ ಜನರ ರಕ್ತ ತೆಗೆದು ನೋಡಿದರೆ 265 ಜನರ ವರದಿಯಲ್ಲಿ ‘ಪಾಸಿಟಿವ್’ ಎಂದು ಬರುತ್ತದೆ. ಪಥ್ಯ ಬೇಕಾಗಿರುವುದು 12 ಜನರಿಗೆ. ವರದಿಯನ್ನಷ್ಟೇ ನಂಬಿ ಪಥ್ಯ ಹೇಳಿದರೆ ಉಳಿದ 253 ಜನ ವಿನಾಕಾರಣ ಆಹಾರ ಬಿಡುತ್ತಾರೆ. ಈ ಅಂಕಿಗಳು ವಯಸ್ಕರವು ನಿಜ. ಆದರೆ ಪರೀಕ್ಷೆ ಎಡವುವ ರೀತಿ ಮಕ್ಕಳಲ್ಲೂ ಇದೇ. ಅಮೆರಿಕದ ಡೆನ್ವರಿನಲ್ಲಿ, ಮುಖ್ಯವಾಗಿ ಪರೀಕ್ಷೆಗಳ ಆಧಾರದಿಂದ ಪಥ್ಯದಲ್ಲಿದ್ದ 125 ಮಕ್ಕಳಿಗೆ ಬಿಟ್ಟ ಆಹಾರಗಳನ್ನು ವೈದ್ಯರ ಎದುರಿನಲ್ಲಿ ತಿನ್ನಿಸಿ ನೋಡಲಾಯಿತು. 2011ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, 364 ಬಾರಿ ತಿನ್ನಿಸಿದಾಗ 325 ಬಾರಿ ಏನೂ ಆಗಲಿಲ್ಲ. ಆ ಪಥ್ಯದ ಬಹುಭಾಗ ಬೇಡವಾಗಿತ್ತು.

ಆದ್ದರಿಂದ ಪತ್ತೆಯ ಮೊದಲ ಸಾಧನ ತಂದೆತಾಯಿ ಹೇಳುವ ವಿವರ: ಮಗು ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿನಲ್ಲಿ ಏನಾಯಿತು, ಅದನ್ನೇ ಮುಂಚೆ ತಿಂದಾಗ ಏನಾಗಿತ್ತು. ಈ ವಿವರದಿಂದ ಸಂಶಯ ಮೂಡಿದ ಒಂದೆರಡು ಆಹಾರಗಳಿಗೆ ಮಾತ್ರ ಚರ್ಮದ ಚುಚ್ಚು ಪರೀಕ್ಷೆ ಅಥವಾ ಐಜಿಇ ರಕ್ತಪರೀಕ್ಷೆ ಮಾಡಿಸಬೇಕು. ಆಗ ಪರೀಕ್ಷೆಯ ಉತ್ತರಕ್ಕೆ ಅರ್ಥವಿರುತ್ತದೆ. ಮನೆಯವರ ವಿವರಕ್ಕೂ ಪರೀಕ್ಷೆಯ ಉತ್ತರಕ್ಕೂ ಹೊಂದದಿದ್ದರೆ, ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಸಿದ್ಧತೆಯೊಂದಿಗೆ ಆಹಾರವನ್ನು ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತ ತಿನ್ನಿಸಿ ನೋಡುವ ಪ್ರಯೋಗವೇ ಅಂತಿಮ ನಿರ್ಣಯ. ಐಜಿಇ ಇಲ್ಲದ ಸೌಮ್ಯ ಬಗೆಗಳಲ್ಲಿ ಎರಡರಿಂದ ನಾಲ್ಕು ವಾರ ಆಹಾರ ಬಿಡಿಸಿ, ಲಕ್ಷಣ ತಗ್ಗಿತೇ ನೋಡಿ, ಮತ್ತೆ ಕೊಟ್ಟು, ಲಕ್ಷಣ ಮರಳಿತೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಎರಡನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಹಸುಗೂಸುಗಳ ಅಳು, ಕಕ್ಕುವಿಕೆ, ಚರ್ಮದ ಕೆಂಪು ವಾರಗಳು ಕಳೆದಂತೆ ತಾವಾಗಿಯೇ ಕಡಿಮೆಯಾಗುತ್ತವೆ. ಮರಳಿ ಕೊಟ್ಟು ನೋಡದಿದ್ದರೆ ಆ ಕೀರ್ತಿ ಪಥ್ಯಕ್ಕೆ ಹೋಗಿ, ಇಲ್ಲದ ಅಲರ್ಜಿ ಮಗುವಿನ ದಾಖಲೆಗೆ ಸೇರಿಬಿಡುತ್ತದೆ. ನೂರಾರು ಆಹಾರಗಳಿಗೆ ಒಟ್ಟಿಗೆ ಮಾಡುವ ಐಜಿಜಿ ಪರೀಕ್ಷೆಗಳಿಂದ ಅಲರ್ಜಿಯ ಪತ್ತೆ ಆಗುವುದೇ ಇಲ್ಲ. ಐಜಿಜಿ ಇದ್ದರೆ ಆ ಆಹಾರವನ್ನು ಮಗು ತಿಂದಿದೆ ಎಂದಷ್ಟೇ ತಿಳಿಯುತ್ತದೆ.

ಪಥ್ಯದ ಅಡ್ಡಪರಿಣಾಮ

ಪಥ್ಯದ ಹಾನಿ ಮೊದಲು ಕಾಣುವುದು ಬೆಳವಣಿಗೆಯಲ್ಲಿ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಹಾರ ಅಲರ್ಜಿ ಇರುವ ಮಕ್ಕಳನ್ನು ಇಲ್ಲದ ಮಕ್ಕಳೊಂದಿಗೆ ಹೋಲಿಸಿತು. ಎರಡು ಅಥವಾ ಹೆಚ್ಚು ಆಹಾರಗಳಿಗೆ ಅಲರ್ಜಿ ಇದ್ದ ಮಕ್ಕಳು ಒಂದೇ ಆಹಾರಕ್ಕೆ ಅಲರ್ಜಿ ಇದ್ದ ಮಕ್ಕಳಿಗಿಂತ ಗಿಡ್ಡಗಿದ್ದರು. ಹಾಲಿನ ಬದಲು ಅಕ್ಕಿಯ ಪಾನೀಯ ಕುಡಿಸಿದ 22 ತಿಂಗಳ ಮಗುವಿಗೆ ಕ್ವಾಶಿಯೋರ್ಕರ್ ಬಂದದ್ದನ್ನು ಅಲ್ಲಿನ ವೈದ್ಯರು 2001ರಲ್ಲಿ ವರದಿ ಮಾಡಿದರು. ಬಡತನದ ನಾಡುಗಳ ಕಾಯಿಲೆಯೆಂದು ಪುಸ್ತಕಗಳು ಹೇಳುವ ಆ ಪ್ರೋಟೀನ್ ಕೊರತೆ, ಅನ್ನಕ್ಕೆ ಕೊರತೆಯಿಲ್ಲದ ಮನೆಯಲ್ಲಿ ತಪ್ಪು ಪಥ್ಯದಿಂದ ಬಂದಿತ್ತು. ಕರ್ನಾಟಕದ ಸಸ್ಯಾಹಾರಿ ಮನೆಗಳು ಇದನ್ನು ಗಂಭೀರವಾಗಿ ಗಮನಿಸಬೇಕು. ಮಾಂಸ, ಮೊಟ್ಟೆ ತಿನ್ನದ ಮಗುವಿಗೆ ಬಿ12 ಜೀವಸತ್ವ ಸಿಗುವ ಸಹಜ ಮೂಲ ಹಾಲು, ಮೊಸರು ಮಾತ್ರ. ಅದನ್ನೂ ಬಿಡಿಸಿದರೆ ಬಿ12 ಹನಿಗಳನ್ನು ಕೊಡದೆ ಬೇರೆ ದಾರಿಯಿಲ್ಲ. ಬೆಳೆಯುವ ಮಿದುಳಿಗೆ ಈ ಜೀವಸತ್ವದ ಕೊರತೆಯಿಂದಾಗುವ ಹಾನಿ ಪೂರ್ತಿ ಸರಿಹೋಗುವುದೆಂಬ ಭರವಸೆ ಇಲ್ಲ.

ಎರಡನೆಯ ಹಾನಿ ಹೊರಗೆ ಕಾಣದು. ಆದರೆ ಇನ್ನೂ ಅಪಾಯಕಾರಿ. ಐಜಿಇ ಇದ್ದರೂ ತಿಂದು ಅರಗಿಸಿಕೊಳ್ಳುತ್ತಿರುವ ಮಗುವಿಗೆ ಆ ಆಹಾರ ನಿಲ್ಲಿಸಿದರೆ, ತಿನ್ನುತ್ತಿದ್ದುದರಿಂದಲೇ ಉಳಿದುಬಂದಿದ್ದ ಸಹನೆ ಅಳಿಯಬಹುದು. ಎಕ್ಸಿಮಾ ಎಂಬ ಇಸುಬಿಗೆ ಆಹಾರವೇ ಕಾರಣವೆಂದು ಪಥ್ಯ ಹೇಳಿಸಿಕೊಂಡ 298 ಮಕ್ಕಳನ್ನು ಗಮನಿಸಿದ ಅಮೆರಿಕದ ವರದಿಯೊಂದು 2016ರಲ್ಲಿ ಬಂತು. ಮುಂಚೆ ಎಂದೂ ದಿಢೀರ್ ಅಲರ್ಜಿ ತೋರದಿದ್ದ ಮಕ್ಕಳಲ್ಲಿ 19% ಮಂದಿ ಪಥ್ಯ ಆರಂಭಿಸಿದ ಮೇಲೆ ಹೊಸದಾಗಿ ದಿಢೀರ್ ಅಲರ್ಜಿ ತೋರಿದ್ದರು. ಕೆಲವರಿಗೆ ಅನಾಫಿಲ್ಯಾಕ್ಸಿಸ್ ಆಗಿತ್ತು. ಇಸುಬಿಗೆ ಮೊದಲು ಬೇಕಾಗಿರುವುದು ಚರ್ಮದ ಆರೈಕೆ: ದಿನವೂ ತೇವ ಕಾಯುವ ಮುಲಾಮು, ಉರಿಯೂತಕ್ಕೆ ವೈದ್ಯರು ಹೇಳಿದ ಔಷಧಿ. ಅದನ್ನು ಸರಿಯಾಗಿ ಮಾಡದೆ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತ ಹೋದರೆ ಇಸುಬೂ ಉಳಿಯುತ್ತದೆ, ಅಲರ್ಜಿಯೂ ಸೇರಿಕೊಳ್ಳಬಹುದು.

ನಮ್ಮ ಕಡೆಯ ‘ನಂಜು’ ಎಂಬ ನಂಬಿಕೆಯನ್ನೂ ಇಲ್ಲಿ ಪರಿಶೀಲಿಸಬೇಕು. ಮೈಕಡಿತ, ಹುಣ್ಣು ಇದ್ದಾಗ ಬದನೆಕಾಯಿ ನಂಜೆಂದು ಬಿಡಿಸುವುದು ವ್ಯಾಪಕ ರೂಢಿ. ಮೈಸೂರು ನಗರದ 741 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬದನೆ ತಿಂದರೆ ತೊಂದರೆ ಎಂದವರೂ ಚರ್ಮ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ತೋರಿದವರೂ ಸೇರಿ ಸುಮಾರು 9%. ನಿಜವಾದ ಐಜಿಇ ಅಲರ್ಜಿ ಸುಮಾರು 0.8%. ಬದನೆಯಲ್ಲಿ ಸಹಜವಾಗಿ ಹಿಸ್ಟಮಿನ್ ಇರುವುದರಿಂದ ಕೆಲವರಿಗೆ ತುರಿಕೆಯಾಗುವುದುಂಟು. ಹಿರಿಯರ ಅನುಭವ ಪೂರ್ತಿ ಸುಳ್ಳಲ್ಲ. ಆದರೆ ಆ ಅನುಭವವನ್ನು ಎಲ್ಲ ಮಕ್ಕಳಿಗೂ, ಹತ್ತಾರು ಕಾಯಿಪಲ್ಲೆಗಳಿಗೂ ಹಿಗ್ಗಿಸುವುದಕ್ಕೆ ಆಧಾರವಿಲ್ಲ. ಬಾಣಂತಿಯ ಪಥ್ಯಕ್ಕೂ ಇದೇ ಮಾತು ಸಲ್ಲುತ್ತದೆ. ತಾಯಿ ತಿಂದ ಹಾಲಿನ ಪ್ರೋಟೀನು ಎದೆಹಾಲಿಗೆ ಅತ್ಯಲ್ಪ ಪ್ರಮಾಣದಲ್ಲಿ ಬರುವುದು ನಿಜ. ಮಗುವಿಗೆ ಸ್ಪಷ್ಟ ಲಕ್ಷಣವಿದ್ದಾಗ ಮಾತ್ರ, ಗೊತ್ತುಪಡಿಸಿದ ಅವಧಿಗೆ, ಕ್ಯಾಲ್ಸಿಯಂ ಮಾತ್ರೆಯೊಂದಿಗೆ ತಾಯಿ ಅದನ್ನು ಬಿಡಬೇಕು. ಮೊದಲೇ ಬಿಗಿಯಾದ ಬಾಣಂತನದ ಊಟದಿಂದ ಹಾಲು, ಬೇಳೆ, ಗೋಧಿಗಳನ್ನೂ ತೆಗೆದರೆ ತಾಯಿ ಸೊರಗಿ ಎದೆಹಾಲು ಉಣಿಸುವುದನ್ನೇ ನಿಲ್ಲಿಸುವಂತಾಗಬಹುದು.

ಪಥ್ಯವನ್ನು ರೂಪಿಸುವ ಬಗೆ

ಖಚಿತವಾದ ಅಲರ್ಜಿಗೆ ಪಥ್ಯ ಹೇಳುವಾಗ ಏನನ್ನು ಬಿಡಬೇಕು ಎಂಬುದರ ಜೊತೆಗೇ ಅದರ ಬದಲು ಏನು ಕೊಡಬೇಕು ಎಂಬುದನ್ನೂ ಹೇಳಬೇಕು. ಹಾಲಿನ ಅಲರ್ಜಿಯಲ್ಲಿ ಜನ ಹುಡುಕುವ ಬದಲಿಗಳಲ್ಲಿ ಹಲವು ಬದಲಿಗಳೇ ಅಲ್ಲ. ಆಡಿನ ಹಾಲು, ಎಮ್ಮೆಯ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ಹಸುವಿನ ಹಾಲಿಗೆ ಅಲರ್ಜಿ ಇರುವ ಬಹುಪಾಲು ಮಕ್ಕಳಿಗೆ ಅವೂ ಆಗವು. ಎ2 ಹಾಲೆಂದು ಮಾರುವ ಹಾಲಿನಲ್ಲೂ ಅಲರ್ಜಿ ತರುವ ಪ್ರೋಟೀನುಗಳು ಹಾಗೇ ಇವೆ. ತುಪ್ಪದಲ್ಲಿ ಪ್ರೋಟೀನು ತೀರ ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ. ಎದೆಹಾಲು ಸಿಗದ ಕೂಸಿಗೆ ಪ್ರೋಟೀನನ್ನು ಚೂರುಚೂರಾಗಿ ಒಡೆದ ವಿಶೇಷ ಹಾಲಿನ ಪುಡಿ, ಅಥವಾ ಅಮೈನೋ ಆಮ್ಲಗಳ ಪುಡಿ ಬೇಕು. ಆರು ತಿಂಗಳ ಬಳಿಕ, ಸೋಯಾ ಒಗ್ಗುವ ಮಗುವಿಗೆ ಶಿಶುಗಳಿಗೆಂದೇ ತಯಾರಿಸಿದ ಸೋಯಾ ಪುಡಿ ಕೊಡಬಹುದು. ಅಕ್ಕಿ, ಬಾದಾಮಿ, ತೆಂಗಿನ ಹಾಲುಗಳು ಅಡುಗೆಗೆ ಸರಿ. ಹಸುಗೂಸಿನ ಮುಖ್ಯ ಆಹಾರವಾಗಲಾರವು.

ಕ್ಯಾಲ್ಸಿಯಂ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಧಾನ್ಯಗಳಲ್ಲಿ ಇಷ್ಟು ಇನ್ನೊಂದರಲ್ಲಿಲ್ಲ. ಆದರೆ ಮಗು ದಿನಕ್ಕೆ ತಿನ್ನುವ ರಾಗಿ 40 ಗ್ರಾಂ ಎಂದುಕೊಂಡರೆ ಸಿಗುವುದು 140 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿರುವ ಫೈಟೇಟ್ ಅದರಲ್ಲೂ ಒಂದು ಪಾಲನ್ನು ಹೀರಲು ಬಿಡುವುದಿಲ್ಲ. ನುಗ್ಗೆಸೊಪ್ಪು ಮತ್ತು ಬೇಳೆಗಳಿಂದ ಇನ್ನಷ್ಟು ಸಿಕ್ಕರೂ ಕೊರತೆ ಉಳಿಯುತ್ತದೆ. ಅದನ್ನು ವೈದ್ಯರು ಹೇಳಿದ ಕ್ಯಾಲ್ಸಿಯಂ, ಡಿ ಜೀವಸತ್ವದ ಔಷಧಿಯಿಂದ ತುಂಬಬೇಕು. ಹಾಗೆಂದು ರಾಗಿ ಸರಿಯ ಮಹತ್ವ ಕಡಿಮೆಯಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುವ ನಮ್ಮ ಹಳೆಯ ಕ್ರಮದಿಂದ ಫೈಟೇಟ್ ತಗ್ಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಗಂಜಿಯನ್ನು ತೆಳುವಾಗಿಸುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಗೋಧಿ ಬಿಟ್ಟ ಮಗುವಿಗೆ ಅಕ್ಕಿ, ರಾಗಿ, ಜೋಳ, ನವಣೆ ಇರುವ ಕರ್ನಾಟಕದ ಅಡುಗೆ ದೊಡ್ಡ ಅನುಕೂಲ. ಉದ್ದಿನ ದೋಸೆ, ಇಡ್ಲಿ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿಗಳನ್ನು ಇಡೀ ಮನೆ ಒಟ್ಟಿಗೆ ಉಣ್ಣಬಹುದು. ಪಥ್ಯದಲ್ಲಿರುವ ಪ್ರತಿ ಮಗುವಿನ ತೂಕ, ಎತ್ತರವನ್ನು ಎರಡು ಮೂರು ತಿಂಗಳಿಗೊಮ್ಮೆ ಬೆಳವಣಿಗೆಯ ಪಟ್ಟಿಯಲ್ಲಿ ಗುರುತಿಸಲೇಬೇಕು. ರೇಖೆ ಕೆಳಗಿಳಿಯುತ್ತಿದ್ದರೆ ಪಥ್ಯ ತಪ್ಪಿರಬಹುದು ಎಂದು ಅರ್ಥ.

ಬಿಡಬೇಕಾದ್ದನ್ನು ಕಟ್ಟುನಿಟ್ಟಾಗಿ ಬಿಡಲು ಅದು ಎಲ್ಲೆಲ್ಲಿ ಅಡಗಿದೆ ಎಂಬುದು ತಿಳಿದಿರಬೇಕು. ಶೇಂಗಾ ಎಣ್ಣೆಗಾಯಿಯ ಮಸಾಲೆಯಲ್ಲಿ, ಪುಳಿಯೋಗರೆಯಲ್ಲಿ, ಉತ್ತರ ಕರ್ನಾಟಕದ ಚಟ್ನಿಪುಡಿಯಲ್ಲಿ ಇದೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಕಡಲೆಬೀಜ ಎರಡೂ ಇವೆ. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. ದೇವಸ್ಥಾನದ ಪಂಚಾಮೃತದಲ್ಲಿ ಹಾಲು, ಮೊಸರು ಇವೆ. ಪೊಟ್ಟಣದ ಆಹಾರಗಳ ಮೇಲೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿಗಳ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಬೀಜಗಳು, ಸೋಯಾ ಹಾಗೂ ನಿಗದಿತ ಪ್ರಮಾಣ ಮೀರಿದ ಸಲ್ಫೈಟ್ ಇದ್ದರೆ ಅದನ್ನು ಎದ್ದುಕಾಣುವಂತೆ ತಿಳಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಎಳ್ಳು, ಸಾಸಿವೆ ಆ ಪಟ್ಟಿಯಲ್ಲಿಲ್ಲ. ಯುರೋಪಿನ ಪಟ್ಟಿಯಲ್ಲಿ ಎರಡೂ ಇವೆ, ಅಮೆರಿಕ 2023ರಿಂದ ಎಳ್ಳನ್ನು ಸೇರಿಸಿದೆ. ಎಳ್ಳು ದಿನಬಳಕೆಯಲ್ಲಿರುವ ದೇಶದಲ್ಲಿ ಇದು ತುಂಬಬೇಕಾದ ಕೊರತೆ. ಬಿಡಿಯಾಗಿ ಮಾರುವ ಬೇಕರಿ ತಿನಿಸಿಗೆ, ಮಿಠಾಯಿಗೆ ಲೇಬಲ್ಲಿನ ಆಸರೆಯೂ ಇಲ್ಲ. ಅಲ್ಲಿ ಕೇಳಿ ತಿಳಿಯಬೇಕು, ಖಚಿತ ಉತ್ತರ ಬರದಿದ್ದರೆ ಬಿಡಬೇಕು.

ತುರ್ತು ಚಿಕಿತ್ಸೆ

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ತಪ್ಪಿ ತಿನ್ನುವುದು ಆಗಿಯೇ ಆಗುತ್ತದೆ. ಅನಾಫಿಲ್ಯಾಕ್ಸಿಸ್‌ಗೆ ಮೊದಲ ಔಷಧಿ ಅಡ್ರಿನಾಲಿನ್. ಅದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ, ಮಗುವಿನ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂನಂತೆ, ತಡಮಾಡದೆ ಕೊಡಬೇಕು. ಸುಧಾರಿಸದಿದ್ದರೆ ಐದು ನಿಮಿಷದ ನಂತರ ಮತ್ತೊಮ್ಮೆ ಕೊಡಬಹುದು. ಅಲರ್ಜಿಯ ಸಿರಪ್ಪು ತುರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಉಸಿರನ್ನಾಗಲಿ ರಕ್ತದೊತ್ತಡವನ್ನಾಗಲಿ ಕಾಪಾಡುವುದಿಲ್ಲ. ಅದನ್ನು ಕುಡಿಸಿ ಕಾಯುತ್ತ ಕೂರುವುದು ಅಮೂಲ್ಯ ನಿಮಿಷಗಳನ್ನು ಕಳೆದಂತೆ. ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟಕ್ಕೆ ಕಷ್ಟವಾದರೆ ಒರಗಿ ಕೂರಿಸಬಹುದು. ಎತ್ತಿ ನಿಲ್ಲಿಸಬಾರದು, ನಡೆಸಬಾರದು. ಚೇತರಿಸಿಕೊಂಡ ಮೇಲೂ ಲಕ್ಷಣ ಮರುಕಳಿಸಬಹುದಾದ್ದರಿಂದ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಿಸಿ ನೋಡಬೇಕು. ವಿದೇಶಗಳಲ್ಲಿ ತಂದೆತಾಯಿ ಜೊತೆಗಿಟ್ಟುಕೊಳ್ಳುವ ಅಡ್ರಿನಾಲಿನ್ ಪೆನ್ನು ಭಾರತದಲ್ಲಿ ಸುಲಭವಾಗಿ ಸಿಗುವುದಿಲ್ಲ. ಅಪಾಯ ಹೆಚ್ಚಿರುವ ಮಕ್ಕಳ ಮನೆಯವರಿಗೆ ವೈದ್ಯರು ಔಷಧಿಯ ಸೀಸೆ, ಸಿರಿಂಜು, ಅಳತೆಯನ್ನು ಕೊಟ್ಟು ಚುಚ್ಚುವುದನ್ನು ಕಲಿಸಬೇಕು. ಹತ್ತಿರದ ಯಾವ ಆಸ್ಪತ್ರೆ ರಾತ್ರಿಯೂ ತೆರೆದಿರುತ್ತದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು, ತುರ್ತಿನಲ್ಲಿ 108 ಆಂಬುಲೆನ್ಸಿಗೆ ಕರೆ ಮಾಡಬೇಕು. ಕ್ಷೀರಭಾಗ್ಯ ಯೋಜನೆಯ ಹಾಲು, ಮೊಟ್ಟೆ ಹಂಚುವ ಅಂಗನವಾಡಿಗೂ ಮಗುವಿನ ಅಲರ್ಜಿಯ ವಿವರ ಬರವಣಿಗೆಯಲ್ಲಿ ಹೋಗಬೇಕು.

ಮುನ್ನೆಚ್ಚರಿಕೆ ತಿರುಗಿದ ಬಗೆ

ಬಿಡಿಸುವುದೇ ಸುರಕ್ಷಿತ ಎಂಬ ನಂಬಿಕೆಯನ್ನು ವೈದ್ಯಲೋಕವೇ ಒಮ್ಮೆ ಅಪ್ಪಿಕೊಂಡಿತ್ತು. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೊಟ್ಟೆಯನ್ನು ಎರಡು ವರ್ಷದವರೆಗೆ, ಕಡಲೆಕಾಯಿ, ಮೀನನ್ನು ಮೂರು ವರ್ಷದವರೆಗೆ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತು. ಕಡಲೆಕಾಯಿ ಅಲರ್ಜಿ ತಗ್ಗಲಿಲ್ಲ. ಪುರಾವೆ ಸಾಲದೆಂದು 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟರು. ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ಒಂದು ಹೋಲಿಕೆಯನ್ನು ಪ್ರಕಟಿಸಿತು: ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ 1.85%, ಎಳವೆಯಿಂದಲೇ ಕಡಲೆಕಾಯಿ ತಿನಿಸು ತಿನ್ನುವ ಇಸ್ರೇಲಿನ ಮಕ್ಕಳಲ್ಲಿ 0.17%. ಮುಂದೆ ಅದೇ ತಂಡ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಲೆಕಾಯಿ ತಿನ್ನಿಸಿ ಇನ್ನೊಂದಕ್ಕೆ ಬಿಡಿಸಿ ಐದು ವರ್ಷದವರೆಗೆ ಕಾದು ನೋಡಿತು. ಫಲಿತಾಂಶ 2015ರಲ್ಲಿ ಬಂತು. ಆರಂಭದಲ್ಲಿ ಚರ್ಮ ಪರೀಕ್ಷೆಗೆ ಪ್ರತಿಕ್ರಿಯೆ ತೋರದಿದ್ದ ಮಕ್ಕಳಲ್ಲಿ, ಬಿಟ್ಟವರಿಗೆ 13.7% ಅಲರ್ಜಿ, ತಿಂದವರಿಗೆ 1.9%. ಅಲ್ಪ ಪ್ರತಿಕ್ರಿಯೆ ತೋರಿದ್ದವರಲ್ಲೂ 35.3% ಇದ್ದದ್ದು 10.6%ಕ್ಕೆ ಇಳಿದಿತ್ತು. ಆಹಾರದ ಪ್ರೋಟೀನು ಬಾಯಿಂದ ಮೊದಲು ಪರಿಚಯವಾದರೆ ಸಹನೆ, ಒಡೆದ ಚರ್ಮದ ಮೂಲಕ ಮೊದಲು ಸೋಂಕಿದರೆ ಅಲರ್ಜಿ ಎಂಬ ಲ್ಯಾಕ್ ಅವರ ಊಹೆಗೆ ಇದು ಬಲ ತಂದಿತು. ಆದ್ದರಿಂದ ಆರು ತಿಂಗಳ ಅನ್ನಪ್ರಾಶನದ ನಂತರ ಮೊಟ್ಟೆ, ಶೇಂಗಾಗಳನ್ನು ಬೇಕೆಂದೇ ಮುಂದೂಡಬಾರದು. ಶೇಂಗಾವನ್ನು ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನುಣ್ಣಗೆ ಪುಡಿ ಮಾಡಿ ಗಂಜಿಯಲ್ಲಿ ಬೆರೆಸಬೇಕು. ತೀವ್ರ ಇಸುಬಿರುವ ಕೂಸಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಬೇಕು. ಅಂಥ ಕೂಸಿನ ಒಡೆದ ಚರ್ಮಕ್ಕೆ ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚಿ ತಿಕ್ಕುವ ರೂಢಿಯನ್ನೂ ಬಿಡುವುದು ಮೇಲು.

ಆಕ್ಷೇಪಗಳು

ಸಂಶಯವಿದ್ದರೆ ಬಿಡಿಸುವುದೇ ಕ್ಷೇಮವಲ್ಲವೇ, ಮಗುವಿನ ಪ್ರಾಣದ ಮುಂದೆ ಒಂದು ಚಮಚ ಮೊಸರು ದೊಡ್ಡದೇ ಎಂಬುದು ಮೊದಲ ಆಕ್ಷೇಪ. ಇದು ಪ್ರೀತಿಯಿಂದ ಹುಟ್ಟುವ ಮಾತು, ಇದಕ್ಕೆ ಗೌರವ ಸಲ್ಲಬೇಕು. ನಿರ್ಣಯವಾಗುವವರೆಗಿನ ಕೆಲವು ವಾರಗಳಿಗೆ ಇದು ಸರಿಯೂ ಹೌದು: ತಿಂದ ಕೂಡಲೇ ಉಸಿರು ಕಟ್ಟಿದ ಮಗುವಿಗೆ ಆ ಆಹಾರವನ್ನು ಮನೆಯಲ್ಲಿ ಮತ್ತೆ ಕೊಟ್ಟು ನೋಡುವುದು ಅಕ್ಷಮ್ಯ. ಆದರೆ ನಿರ್ಣಯವಿಲ್ಲದೆ ವರ್ಷಗಟ್ಟಲೆ ಬಿಡಿಸುವುದು ಕ್ಷೇಮವಲ್ಲ. ಅದರಿಂದ ಬೆಳವಣಿಗೆ ಕುಂಠಿತವಾಗಬಹುದು, ಇದ್ದ ಸಹನೆ ಅಳಿಯಬಹುದು ಎಂಬುದನ್ನು ಮೇಲೆ ಹೇಳಿದ ಅಧ್ಯಯನಗಳು ತೋರಿಸಿವೆ. ಇನ್ನೊಂದು ಅಪಾಯವೂ ಇದೆ. ಹತ್ತು ಆಹಾರಗಳ ಪಟ್ಟಿ ಹಿಡಿದ ಮನೆ ಹತ್ತರಲ್ಲೂ ಸಡಿಲವಾಗುತ್ತದೆ. ನಿಜವಾಗಿ ಅಪಾಯವಿರುವ ಒಂದನ್ನೇ ಕಾಯಬೇಕಾದ ಮನೆ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆ ಅದನ್ನು ಚೆನ್ನಾಗಿ ಕಾಯಬಲ್ಲರು.

ಒಮ್ಮೆ ಅಲರ್ಜಿ ಎಂದು ಖಚಿತವಾದ ಮೇಲೆ ಮತ್ತೆ ಯಾಕೆ ಕೆಣಕಬೇಕು ಎಂಬುದು ಎರಡನೆಯದು. ಹಾಲು, ಮೊಟ್ಟೆ, ಗೋಧಿಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ಕಳೆಯುತ್ತದೆ. ಕಡಲೆಕಾಯಿಯದು ಸುಮಾರು ಐದರಲ್ಲಿ ಒಬ್ಬರಿಗೆ, ಗೋಡಂಬಿ ಬಾದಾಮಿಗಳದು ಸುಮಾರು ಹತ್ತರಲ್ಲಿ ಒಬ್ಬರಿಗೆ ಕಳೆಯುತ್ತದೆ. ಪರೀಕ್ಷಿಸದಿದ್ದರೆ ವಾಸಿಯಾದ ಮಗು ಪಥ್ಯದಲ್ಲೇ ಉಳಿದುಬಿಡುತ್ತದೆ. ಅಲರ್ಜಿ ಉಳಿದಿರುವಾಗಲೂ ಪಥ್ಯವನ್ನು ಸಡಿಲಿಸಲು ಅವಕಾಶವಿರಬಹುದು: ಹೆಚ್ಚು ಹೊತ್ತು ಬಿಸಿಯಲ್ಲಿ ಬೆಂದಾಗ ಹಾಲಿನ ಪ್ರೋಟೀನಿನ ಆಕಾರ ಕೆಡುವುದರಿಂದ, ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಒಲೆಯಲ್ಲಿ ಬೇಯಿಸಿದ ಕೇಕಿನಲ್ಲಿರುವ ಹಾಲನ್ನು ತಾಳಿಕೊಳ್ಳುತ್ತಾರೆಂದು 2008ರ ನ್ಯೂಯಾರ್ಕಿನ ಅಧ್ಯಯನ ತೋರಿಸಿತು. ಮೊದಲ ಬಾರಿ ವೈದ್ಯರ ಎದುರಿನಲ್ಲೇ ತಿನ್ನಿಸಬೇಕು ಎಂಬ ಷರತ್ತಿನೊಂದಿಗೆ ಈ ಸಡಿಲಿಕೆ ಮಗುವಿನ ಊಟವನ್ನು ಬಹಳ ಹಿಗ್ಗಿಸುತ್ತದೆ. ಕಡಲೆಕಾಯಿಯನ್ನು ಕಣಕಣವಾಗಿ ಏರಿಸುವ ಚಿಕಿತ್ಸೆಗೆ 2020ರಲ್ಲಿ, ಐಜಿಇಯನ್ನು ತಡೆಯುವ ಒಮಾಲಿಜುಮ್ಯಾಬ್ ಚುಚ್ಚುಮದ್ದಿಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಇವು ತಪ್ಪಿ ತಿಂದಾಗಿನ ಅಪಾಯವನ್ನು ತಗ್ಗಿಸುತ್ತವೆ. ಪಥ್ಯದ ಅಗತ್ಯವನ್ನು ತೆಗೆದುಹಾಕುವುದಿಲ್ಲ.

ಇದೆಲ್ಲ ಪಶ್ಚಿಮದ ಕಾಯಿಲೆ, ನಮ್ಮ ಮಕ್ಕಳಿಗೆ ಇದರ ಗೊಡವೆ ಇಲ್ಲ ಎಂಬುದು ಮೂರನೆಯದು. ಅಂಕಿಗಳು ಈ ಮಾತಿಗೆ ಅರ್ಧ ಬೆಂಬಲ ಕೊಡುತ್ತವೆ. 2020ರಲ್ಲಿ ಪ್ರಕಟವಾದ ಯುರೋಪ್ರಿವಾಲ್ ಮಕ್ಕಳ ಸಮೀಕ್ಷೆಯಲ್ಲಿ ಸಂಭಾವ್ಯ ಆಹಾರ ಅಲರ್ಜಿ ಹಾಂಗ್‌ಕಾಂಗಿನಲ್ಲಿ 1.5% ಇದ್ದರೆ ಭಾರತದಲ್ಲಿ 0.14% ಮಾತ್ರ. ಆದರೆ ಕಾಯಿಲೆ ಅಪರೂಪವಾದಷ್ಟೂ ಪಾಸಿಟಿವ್ ವರದಿಗಳಲ್ಲಿ ಹುಸಿಯ ಪಾಲು ಹೆಚ್ಚುತ್ತದೆ. ಹೀಗಾಗಿ ಭಾರತದಲ್ಲಿ ವಿವರ ಕೇಳದೆ ಪರೀಕ್ಷೆ ಬರೆಯುವುದು ಪಶ್ಚಿಮದಲ್ಲಿಗಿಂತ ದೊಡ್ಡ ತಪ್ಪು. ಈ ಅಪರೂಪ ಶಾಶ್ವತವೂ ಅಲ್ಲ. ಏಷ್ಯಾದಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೆ ಬಂದ ಮಕ್ಕಳಿಗಿಂತ ಅಲ್ಲೇ ಹುಟ್ಟಿದ ಏಷ್ಯಾ ಮೂಲದ ಮಕ್ಕಳಲ್ಲಿ ಬೀಜಗಳ ಅಲರ್ಜಿ ಹೆಚ್ಚೆಂದು ಅಲ್ಲಿನ ಅಧ್ಯಯನ ಕಂಡಿದೆ. ವಂಶವಾಹಿಯಷ್ಟೇ ಪರಿಸರವೂ ಇಲ್ಲಿ ಕೆಲಸ ಮಾಡುತ್ತದೆ. ಹೊರದೇಶಗಳಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರು ಊರಿನ ಅನುಭವವನ್ನಷ್ಟೇ ನೆಚ್ಚಿ ಲಕ್ಷಣಗಳನ್ನು ಅಲಕ್ಷಿಸಬಾರದು.

ತಿನ್ನಿಸಿ ನೋಡುವ ಪ್ರಯೋಗಕ್ಕೆ ತಾಲ್ಲೂಕು ಊರುಗಳಲ್ಲಿ ಅನುಕೂಲವೆಲ್ಲಿದೆ ಎಂಬುದು ಕೊನೆಯ, ಎಲ್ಲಕ್ಕಿಂತ ನ್ಯಾಯವಾದ ಆಕ್ಷೇಪ. ಅನುಕೂಲ ನಿಜಕ್ಕೂ ಕಡಿಮೆ. ಆದರೆ ಆ ಪ್ರಯೋಗಕ್ಕೆ ದುಬಾರಿ ಯಂತ್ರ ಬೇಡ. ಅಡ್ರಿನಾಲಿನ್, ಆಮ್ಲಜನಕ, ಸಲೈನ್, ತರಬೇತಾದ ವೈದ್ಯ ಮತ್ತು ದಾದಿ, ಅರ್ಧ ದಿನದ ವ್ಯವಧಾನ ಸಾಕು. ಇವುಗಳನ್ನು ಪ್ರತಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಒದಗಿಸುವುದು ನಮ್ಮ ಆರೋಗ್ಯ ವ್ಯವಸ್ಥೆಯ ಶಕ್ತಿಗೆ ಮೀರಿದ್ದಲ್ಲ. ಅಲ್ಲಿಯವರೆಗೆ ತಂದೆತಾಯಿ ತಾವೇ ಮಾಡಬಹುದಾದದ್ದೂ ಇದೆ. ಮಗುವಿಗೆ ಆಹಾರ ಬಿಡಿಸಿ ಎಂದು ಯಾರೇ ಹೇಳಲಿ, ಅವರನ್ನು ನಾಲ್ಕು ಪ್ರಶ್ನೆ ಕೇಳಬೇಕು: ಯಾವ ಆಧಾರದ ಮೇಲೆ ಬಿಡಿಸಬೇಕು, ಎಷ್ಟು ಕಟ್ಟುನಿಟ್ಟಾಗಿ ಬಿಡಿಸಬೇಕು, ಬದಲಿಗೆ ಏನು ಕೊಡಬೇಕು, ಮತ್ತೆ ಪರೀಕ್ಷಿಸುವುದು ಯಾವಾಗ? ನಾಲ್ಕಕ್ಕೂ ಉತ್ತರ ಬರುವ ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಬೇಕು. ಉತ್ತರ ಬರದಿದ್ದರೆ ಇನ್ನೊಬ್ಬ ಮಕ್ಕಳ ತಜ್ಞರ ಅಭಿಪ್ರಾಯ ಕೇಳಿಯೇ ಮುಂದುವರಿಯಬೇಕು.